ಎಪ್ಪತ್ತೆಂಟರ ಕಿರಿಯವಳು

ಮೂರು ವಾರ ಚಾನ್‌ಗ್ಯು ತನ್ನ ಹಾಜರಿ ಪಟ್ಟಿಯಲ್ಲಿ ‘ತಾಕ್ ಒಕ್ಸಿಮ್, ೭೮’ ಎಂಬ ಹೆಸರಿನ ಮುಂದೆ ಗೈರು ಎಂದು ಬರೆದ. ಬರೆದು, ಅದೇ ಒಕ್ಸಿಮ್ ಬಡಿಸಿದ ಮೂಲಂಗಿ ಸಾರನ್ನು ಎರಡೆರಡು ಬಟ್ಟಲು ಹೀರಿ, ಕಿಮ್ಚಿ ಉಪ್ಪಿನಕಾಯಿಯನ್ನೂ ಬಳಿದು ಎದ್ದು ಹೋದ. ಆರೋಗ್ಯ ಕೇಂದ್ರದಲ್ಲಿ ಅವನು ಹನ್ನೊಂದು ತಿಂಗಳ ಗುತ್ತಿಗೆ ನೌಕರ. ಪ್ರತಿ ಮಂಗಳವಾರ ಹಾನ್ಸಿಲ್ ಹಳ್ಳಿಯ ವಯಸ್ಸಾದವರು ಹಗಲೆಲ್ಲ ಕೂಡುವ ‘ಹಿರಿಯರ ಮನೆ’ಗೆ ಹೋಗಿ ಅಜ್ಜಿಯರ ರಕ್ತದೊತ್ತಡ ನೋಡುವುದು, ರಬ್ಬರ್ ಪಟ್ಟಿ ಎಳೆಸಿ ವ್ಯಾಯಾಮ ಮಾಡಿಸುವುದು ಅವನ ಕೆಲಸ. ಒಲೆಯ ಮುಂದಿದ್ದವಳು ಸಂಬಳದ ಅಡುಗೆಯವಳೆಂದೇ ತಿಳಿದಿದ್ದ. ನಾಲ್ಕನೇ ವಾರ ದೊಡ್ಡ ಉಪಕಾರ ಮಾಡುವವನಂತೆ ಬಾಯಿ ಬಿಟ್ಟ: “ಇವರ ಕೈರುಚಿ ಚೆನ್ನಾಗಿದೆ ಅಜ್ಜಿ, ಸಂಬಳ ಜಾಸ್ತಿ ಮಾಡಿ.”

ಬೆಚ್ಚಗಿನ ನೆಲದ ಮೇಲೆ ಕಾಲು ಚಾಚಿದ್ದ ಹದಿಮೂರು ಅಜ್ಜಿಯರೂ ಬಿದ್ದು ಬಿದ್ದು ನಕ್ಕರು.

“ಅಯ್ಯೋ ಪೆದ್ದ, ಅವಳು ನಮ್ಮ ಕಿರಿಯವಳು ಕಣೋ!” ಎಂದಳು ತೊಂಬತ್ತೊಂದರ ಸುಂದೊಕ್ ಅಜ್ಜಿ, ಅಲ್ಲಿನ ಅಧ್ಯಕ್ಷೆ. “ಕಿರಿಯವಳು ಇರೋವಾಗ ದೊಡ್ಡೋರು ಸೌಟು ಹಿಡೀತಾರೇನು? ನಾನೂ ಆರು ವರ್ಷ ಇಲ್ಲಿ ಪಾತ್ರೆ ತಿಕ್ಕಿದೀನಿ.”

ಸುಂದೊಕ್ ತಿಕ್ಕಿದ್ದು ಆರು ವರ್ಷ. ಒಕ್ಸಿಮ್‌ಗೆ ಆಗಲೇ ಹನ್ನೊಂದು. ಅವಳ ನಂತರ ಊರಿನಲ್ಲಿ ಯಾರಿಗೂ ವಯಸ್ಸಾಗಲಿಲ್ಲವೆಂದಲ್ಲ. ಅರವತ್ತು ದಾಟಿದವರಿಗೆ ಕಿರಿಯವಳಿಗೆಂದು ಕಾದಿದ್ದ ಏಪ್ರನ್ ಬೀದಿಯಿಂದಲೇ ಕಾಣುತ್ತಿತ್ತು, ಒಳಗೆ ಕಾಲಿಡುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ಎಪ್ಪತ್ತರ ಯೊಂಜಾ ಬಂದು ಸೇರಿದಳು. ಒಕ್ಸಿಮ್ ಸಂಭ್ರಮದಿಂದ ಅವಳಿಗೆ ಹೊಸ ಏಪ್ರನ್ ಹೊಲಿದಳು. ಯೊಂಜಾ ಮೂರು ದಿನ ಈರುಳ್ಳಿ ಹೆಚ್ಚಿ, ನಾಲ್ಕನೆಯ ದಿನ ಪೇಟೆಯ ಈಜುಕೊಳಕ್ಕೆ ಸೇರಿಕೊಂಡಳು.

ಚಾನ್‌ಗ್ಯು ನಾಚಿಕೊಂಡು ಅಡುಗೆಮನೆಗೇ ಹೋಗಿ ಒಕ್ಸಿಮ್‌ಳ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದ. ನೂರ ಎಪ್ಪತ್ತೆಂಟು. ಮೊಣಕಾಲು ಊದಿತ್ತು. ಹೊರಗೆ ಬಂದು, “ವಾರಕ್ಕೊಬ್ಬರು ಅಡುಗೆ ಮಾಡಿದ್ರೆ ಹೇಗೆ?” ಎಂದ. ಯಾರೋ ಕೆಮ್ಮಿದರು. ಒಬ್ಬಳಿಗೆ ಕಿವಿ ಕೇಳಿಸಲಿಲ್ಲ.

“ನಾವು ಮಾಡಿದ್ದು ತಿಂದ್ರೆ ನಿಂಗೇ ಒತ್ತಡ ಏರುತ್ತೆ ಮಗ,” ಎಂದಳು ಸುಂದೊಕ್. “ಪಟ್ಟಿ ಎಳೆಸು, ಹೊತ್ತಾಯ್ತು.”

“ಬಿಡೋ, ಅಕ್ಕಂದಿರ್ನ ಯಾಕೆ ಗೋಳು ಹುಯ್ಕೋತೀಯ?” ಎಂದು ಒಳಗಿನಿಂದ ಒಕ್ಸಿಮ್‌ಳೇ ಕೂಗಿದಳು.

ವ್ಯಾಯಾಮ ಶುರು ಮಾಡಿಸಿ ಅವನು ಮತ್ತೆ ಒಳಗೆ ಬಂದ.

“ನಾಳೆಯಿಂದ ಮನೇಲೇ ಇದ್ಬಿಡಿ ಅಜ್ಜಿ.”

“ಇದ್ದು? ಈ ಊರಲ್ಲಿ ಬಾಯಿ ಇರೋರೆಲ್ಲ ಇಲ್ಲೇ ಬಂದು ಕೂತಿದಾರೆ. ನಾನು ಗೋಡೆ ಹತ್ರ ಮಾತಾಡ್ಲಾ?”

ಕಿಟಕಿಯ ಗಾಜು ಆವಿಯಿಂದ ಮುಚ್ಚಿಹೋಗಿತ್ತು. ಹದಿನಾಲ್ಕು ಬಟ್ಟಲುಗಳು ಸಾಲಾಗಿ ಕಾದಿದ್ದವು. ಕೇಳಬಾರದೆಂದು ಗೊತ್ತಿದ್ದೂ ಚಾನ್‌ಗ್ಯು ಕೇಳಿಯೇಬಿಟ್ಟ: “ಹಾಗಾದ್ರೆ ಇಲ್ಲಿಂದ ನಿಮಗೆ ಬಿಡುಗಡೆ ಯಾವಾಗ?”

“ಅವರೆಲ್ಲ ಸತ್ಮೇಲೆ,” ಎಂದಳು ಒಕ್ಸಿಮ್, ಸಾರಿನ ಉಪ್ಪು ನೋಡುತ್ತ. “ಆದ್ರೆ ನೀನು ಬಿಟ್ರೆ ತಾನೆ! ವಾರವಾರ ಬಂದು ಅವರ್ನ ಗಟ್ಟಿ ಮಾಡಿ ಹೋಗ್ತೀಯ.”