ಗೇಟಿನ ಬಳಿ ಕೈ ಎತ್ತಿ ನಿಂತವರು

ನಮ್ಮ ಅಲ್ಸೇಷಿಯನ್ ನಾಯಿಗೆ ಪಾಠ ಹೇಳಲು ಭಾನುವಾರಗಳಂದು ಶಿವಾಜಿನಗರದಿಂದ ಸೈಕಲ್ಲಿನಲ್ಲಿ ಒಬ್ಬರು ಬರುತ್ತಿದ್ದರು. ತೊಂಬತ್ತರ ದಶಕ, ನಾವಾಗ ಬೆನ್ಸನ್ ಟೌನಿನ ಬಾಡಿಗೆ ಮನೆಯಲ್ಲಿದ್ದೆವು. ನಾನೂ ಹೆಂಡತಿಯೂ ಕೆಲಸಕ್ಕೆ ಹೊರಟರೆ ನಾಯಿ ಸಂಜೆಯವರೆಗೆ ಊಳಿಡುತ್ತಿತ್ತು. ಅಕ್ಕಪಕ್ಕದವರು ಮನೆಯ ಮಾಲೀಕರಿಗೆ ದೂರು ಕೊಟ್ಟಿದ್ದರು.

ಪಾಠ ಹೇಳಲು ಬರುತ್ತಿದ್ದವರು ಬೆತ್ತ ಹಿಡಿದವರಲ್ಲ. ನಾಯಿಯನ್ನು ಒಳಗೆ ಬಿಟ್ಟು ಬೀಗ ಹಾಕಿಸಿ, ನನ್ನನ್ನು ಗೇಟಿನಾಚೆ ನಿಲ್ಲಿಸಿ, ಟ್ರಾಫಿಕ್ ಪೊಲೀಸರಂತೆ ಕೈ ಎತ್ತುತ್ತಿದ್ದರು. ಊಳಿಡುವಾಗ ಒಳಗೆ ಹೋಗುವಂತಿಲ್ಲ. ಅದು ಉಸಿರಿಗೆಂದು ಒಂದು ಕ್ಷಣ ನಿಲ್ಲಿಸಿದರೂ ಸಾಕು, ಕೈ ಇಳಿಯುತ್ತಿತ್ತು. “ಸುಮ್ಮನಾಯ್ತು. ಈಗ ಹೋಗಿ ಸಾರ್, ಕಾಯ್ತಿರುತ್ತೆ.” ಹೋದವರು ತಿರುಗಿ ಬರುತ್ತಾರೆಂಬ ನಂಬಿಕೆ ಅದಕ್ಕೆ ಹುಟ್ಟಲು ಎರಡು ತಿಂಗಳಾದರೂ ಬೇಕು ಎನ್ನುತ್ತಿದ್ದರು.

ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಒಂದು ಶನಿವಾರ ನಾಯಿಯನ್ನು ಕೆ.ಆರ್. ಪುರದಾಚೆಯ ತೋಟದವರಿಗೆ ಕೊಟ್ಟು ಬಂದೆ. ಪಾಠ ಹೇಳುವವರಿಗೆ ತಿಳಿಸಲಿಲ್ಲ.

ಮರುದಿನ ಅವರು ಎಂದಿನಂತೆ ಬಂದರು. ನಾನು ಬಾಗಿಲೆಳೆದುಕೊಂಡು ಗೇಟಿಗೆ ಹೋದೆ. ಹೇಗೆ ಹೇಳುವುದೆಂದು ತಡವರಿಸುವಷ್ಟರಲ್ಲಿ ಅವರು ಕೈ ಎತ್ತಿ, ಮನೆಯತ್ತ ಕಿವಿಗೊಟ್ಟು, ಬಹಳ ಹೊತ್ತು ಆಲಿಸಿದರು. ಮುಖ ಅರಳಿತು. ಮೆಲ್ಲಗೆ ಕೈ ಇಳಿಸಿದರು.

“ಈಗ ಹೋಗಿ ಸಾರ್,” ಎಂದರು, “ಕಾಯ್ತಿರುತ್ತೆ.”