ವರಲಕ್ಷ್ಮಮ್ಮ ಎಳೆಯದೆ ಬಿಟ್ಟ ಎಳೆ

ನಮ್ಮ ಬೀದಿಯಲ್ಲಿ ಗಿಡಕ್ಕೆ ಹುಳ ಹತ್ತಲಿ, ನಾಯಿಮರಿ ಅನ್ನ ಬಿಡಲಿ, ಮೊದಲು ಓಡುವುದು ವರಲಕ್ಷ್ಮಮ್ಮನ ಮನೆಗೆ. ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದವರ ಬೀದಿ. ಆಕೆಯ ಮನೆಯಲ್ಲೂ ಎರಡು ಪವರ್‌ಲೂಮ್ ಓಡುತ್ತವೆ. ಮೇಲೆ ತಾರಸಿಯ ತುಂಬ ಕುಂಡಗಳು.

ಗಿಡಕ್ಕೆ ದಿನಾ ನೀರು ಸುರಿಯುವವರನ್ನು ಕಂಡರೆ ಆಕೆಗೆ ಆಗದು. ಮಣ್ಣಿಗೆ ಬೆರಳು ಹಾಕಿ ನೋಡು, ಎರಡು ಗೆಣ್ಣಿನಷ್ಟು ಒಣಗಿದ್ದರೆ ಮಾತ್ರ ಹಾಕು ಅನ್ನುತ್ತಾಳೆ. ಬಾಯಾರಿ ಸತ್ತ ಗಿಡಕ್ಕಿಂತ ನಮ್ಮ ಅಕ್ಕರೆಗೆ ಬೇರು ಕೊಳೆತು ಸತ್ತದ್ದೇ ಹೆಚ್ಚಂತೆ. ನನ್ನ ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ಹುಳ ಹತ್ತಿದಾಗ, ಸೋಪಿನ ನೀರಿಗೆ ಎರಡು ತೊಟ್ಟು ಬೇವಿನೆಣ್ಣೆ ಬಿಟ್ಟು, ಬಿಸಿಲು ಇಳಿದ ಮೇಲೆ ಎಲೆಯ ಅಡಿಯೆಲ್ಲ ಒರೆಸಲು ಹೇಳಿದಳು. ಮೂರು ವಾರ ಬಿಡದೆ ಒರೆಸಿದೆ. ಗಿಡ ಉಳಿಯಿತು.

ಮಗ್ಗದ ಮನೆಗೆ ಬೆಕ್ಕು ಬೇಕೇ ಬೇಕು, ಇಲ್ಲದಿದ್ದರೆ ಇಲಿ ನೂಲು ಕಡಿಯುತ್ತದೆ. ನಾಲ್ಕು ವರ್ಷದ ಹಿಂದೆ ಆಕೆಯ ಕರಿಯ ಅನ್ನುವ ಬೆಕ್ಕು ಸತ್ತಿತು. ಪಕ್ಕದ ಮನೆ ಆಟೋ ಗಂಗಣ್ಣ ಇಟ್ಟ ಇಲಿಪಾಷಾಣ ತಿಂದು ಹೋಯಿತು ಅಂದಳು ವರಲಕ್ಷ್ಮಮ್ಮ. ನಾನು ಪಾಷಾಣ ಇಟ್ಟೇ ಇಲ್ಲ ಅಂತ ಗಂಗಣ್ಣ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ಬೆಕ್ಕು ಕೊಂದವನು ಅನ್ನುವ ಹೆಸರು ಅವನಿಗೆ ಅಂಟಿಕೊಂಡಿತು. ಅವನ ಹೆಂಡತಿ ಬೀದಿಯ ಹೆಂಗಸರ ಜೊತೆ ಕೂರುವುದನ್ನೇ ಬಿಟ್ಟಳು.

ಈಗಿರುವ ಬೆಕ್ಕು ಚುಕ್ಕಿ. ಈ ಆಷಾಢದಲ್ಲಿ ಒಂದು ದಿನ ಬೆಳಗಿನಿಂದ ಅದು ವಾಂತಿ ಮಾಡುತ್ತಿತ್ತು. ಮಧ್ಯಾಹ್ನ ನಾನು ಕರಿಬೇವು ಕೇಳಲು ಹೋದಾಗ ಆಕೆಯ ಗಂಡ ರಾಮಲಿಂಗಯ್ಯ ಅದನ್ನು ತೊಡೆಯ ಮೇಲೆ ಹಾಕಿಕೊಂಡಿದ್ದರು. ಬಾಯಿಂದ ಗೇಣುದ್ದ ಕೆಂಪು ರೇಷ್ಮೆ ಎಳೆ ಇಳಿಬಿದ್ದಿತ್ತು. ನೇಯುವವರ ಕೈ ಗೊತ್ತಲ್ಲ, ಬಿಟ್ಟ ಎಳೆ ಕಂಡರೆ ತಾನಾಗಿ ಹೋಗಿ ಹಿಡಿಯುತ್ತದೆ. ಅವರು ಆಗಲೇ ಅದನ್ನು ಎರಡು ಬೆರಳಿಗೆ ಸುತ್ತಿಕೊಂಡಿದ್ದರು.

"ಕೈ ಬಿಡ್ರೀ," ಅಂದಳು ವರಲಕ್ಷ್ಮಮ್ಮ.

"ತುದಿ ಸಿಕ್ಕಿದೆ ಕಣೇ. ಮೆಲ್ಲಗೆ ಎಳೆದ್ರೆ ಬಂದ್ಬಿಡ್ತದೆ."

"ಎಳೆದ್ರೆ ನೂಲು ಬರಲ್ಲ, ಪ್ರಾಣ ಬರ್ತದೆ. ಬಿಡಿ ಅಂದ್ನಲ್ಲ."

ಅವಳ ದನಿ ಕೇಳಿ ಅವರು ಬೆರಳು ಬಿಡಿಸಿಕೊಂಡರು. ನಾನು ಒಂದು ಚಮಚ ಹರಳೆಣ್ಣೆ ಕುಡಿಸಿದರೆ ಜಾರಿ ಹೋಗುತ್ತದೇನೋ ಅಂದೆ. ಅದಕ್ಕೂ ಬೇಡ ಅಂತ ತಲೆಯಾಡಿಸಿದಳು. ಎಳೆಯಬಾರದು, ಕತ್ತರಿಸಬಾರದು, ಎಣ್ಣೆ ಹಾಲು ಏನೂ ಹಾಕಬಾರದು, ಸೀದಾ ಡಾಕ್ಟರ ಹತ್ತಿರ ಒಯ್ಯಬೇಕು, ಅಷ್ಟೇ ಅಂದಳು. ಊರಿನ ಪಶು ಆಸ್ಪತ್ರೆಗೆ ಫೋನ್ ಮಾಡಿದರೆ, ಆಪರೇಷನ್ ಬೇಕಾಗಬಹುದು, ಯಲಹಂಕಕ್ಕೆ ಹೋಗಿ ಅಂದರು. ಬುಟ್ಟಿಯಲ್ಲಿ ಹಳೇ ಸೀರೆ ಹಾಸಿ ಬೆಕ್ಕನ್ನು ಮಲಗಿಸಿದ್ದಾಯಿತು. ಗಾಡಿ? ಆ ಹೊತ್ತಿಗೆ ಬೀದಿಯಲ್ಲಿದ್ದದ್ದು ಗಂಗಣ್ಣನ ಆಟೋ ಒಂದೇ.

ಆಕೆ ಹೋಗಿ ಕೇಳಿದಳು. ಅವನು ಒರೆಸುತ್ತಿದ್ದ ಗಾಜಿನಿಂದ ಕಣ್ಣು ತೆಗೆಯದೆ ಹೇಳಿದ: "ನನ್ ಗಾಡೀಲಿ ಸತ್ತೋದ್ರೆ ಇದೂ ನನ್ ತಲೆಗೇ ತಾನೇ, ವರಲಕ್ಷ್ಮಕ್ಕ?"

ಆಕೆ ಅಂದಳು: "ಕರಿಯ ಪಾಷಾಣ ತಿಂದಿರಲಿಲ್ಲ ಗಂಗಣ್ಣ. ಅವನೂ ಹಿಂಗೇ ಎಳೆ ನುಂಗಿದ್ದ. ನಾನೇ ಎಳೆದೆ."

ಲಾಡಿ ಎಳೆದರೆ ಲಂಗ ಸುಕ್ಕುಗಟ್ಟುವ ಹಾಗೆ ಕರಿಯನ ಕರುಳು ಮುದುಡಿ, ನೂಲು ಅದನ್ನು ಕೊಯ್ದಿದೆ ಅಂತ ಮೂರನೇ ದಿನ ಡಾಕ್ಟರು ಹೇಳಿದ್ದರಂತೆ. ಎಲ್ಲರ ಗಿಡ, ನಾಯಿ, ಬೆಕ್ಕಿಗೆ ಬುದ್ಧಿ ಹೇಳುವವಳು ತನ್ನದನ್ನು ತಾನೇ ಕೊಂದೆ ಅನ್ನಲು ಬಾಯಿ ಬರಲಿಲ್ಲವಂತೆ. ರಾಮಲಿಂಗಯ್ಯನವರಿಗೂ ಅದು ಗೊತ್ತಿರಲಿಲ್ಲ. ಬುಟ್ಟಿ ಹಿಡಿದು ನಿಂತಿದ್ದವರು ಹೆಂಡತಿಯ ಮುಖವನ್ನೇ ನೋಡಿದರು.

ಗಂಗಣ್ಣ ಬಟ್ಟೆ ಕೊಡವಿ ಸೀಟಿನ ಕೆಳಗೆ ತುರುಕಿದ. "ಹತ್ತಿ," ಅಂದ. ಗಂಡ ಹೆಂಡತಿ ಬುಟ್ಟಿ ಹಿಡಿದು ಹತ್ತಿದರು.

ಎಳೆಯ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿತ್ತಂತೆ. ಎಳೆಯದೆ ತಂದಿರಿ, ಅದಕ್ಕೇ ಆಸೆ ಇದೆ ಅಂದರಂತೆ ಡಾಕ್ಟರು. ಹೊಟ್ಟೆ ಕುಯ್ದು ತೆಗೆದರು. ಚುಕ್ಕಿ ಬದುಕಿತು. ಗಂಗಣ್ಣ ಅಲ್ಲಿಯವರೆಗೂ ಹೊರಗೆ ಕಾದಿದ್ದ. ಬೆಕ್ಕು ಬದುಕಿತು ಅಂತ ಕೇಳಿದ ಮೇಲೆ ಒಂದೇ ಮಾತು ಹೇಳಿದನಂತೆ, "ನಂಗೆ ಹೇಳಿದ್ದು ಸಾಲ್ದು ಅಕ್ಕಾ. ಬೀದೀಗ್ ಹೇಳಿ."

ಮಾರನೇ ದಿನ ಬೆಳಿಗ್ಗೆ ವರಲಕ್ಷ್ಮಮ್ಮ ನಮ್ಮ ಬಾಗಿಲಿಗೆ ಬಂದಳು. ಗಂಗಣ್ಣನ ಮುಂದೆ ಆಡಿದ್ದು ನನಗೆ ಆಗಲೇ ಕೇಳಿಸಿತ್ತು, ಅದು ಅವಳಿಗೂ ಗೊತ್ತು. ಆದರೂ ಹೊಸಿಲಾಚೆ ನಿಂತು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಮುಗಿದ ಮೇಲೆ, ಒಳಗೆ ಬಾ, ಕಾಫಿ ಕುಡಿದು ಹೋಗು ಅಂದೆ.

"ಈಗ ಕೂತ್ರೆ ಎದ್ದೇಳಕ್ಕಾಗಲ್ಲ ಕಣಕ್ಕ," ಅಂದಳು. "ಇನ್ನೂ ಹನ್ನೊಂದು ಮನೆ ಐತೆ."

ಸೆರಗು ಸರಿಮಾಡಿಕೊಂಡು ಮುಂದಿನ ಮನೆಯ ಬಾಗಿಲು ಬಡಿದಳು.