ಇಬ್ಬರ ಭಾರ

ನಲವತ್ತೇಳನೆಯ ವಯಸ್ಸಿನಲ್ಲಿ ಗಾಜಿನಕ್ಕ ಭಾರ ಎತ್ತಲು ಶುರುಮಾಡಿದ್ದು ಶೋಕಿಗಲ್ಲ. ತನ್ನ ತಾಯಿಯನ್ನು ಬಚ್ಚಲಿನ ನೆಲದಿಂದ ಎತ್ತಲಾಗಲಿಲ್ಲ, ಅದಕ್ಕೆ.

ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜು ಉಜ್ಜುವ ಕೆಲಸ ಅವಳದು. ಗಾಜನ್ನು ಚಕ್ರಕ್ಕೆ ಹಿಡಿದು ಫ್ರೇಮಿನ ಅಳತೆಗೆ ಅಂಚು ಸವೆಸಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೂರುವುದಿಲ್ಲ. ಅಲ್ಲಿಂದಲೇ ಆ ಹೆಸರು ಬಂತು. ಬೆರಳು ಚುರುಕು, ಕಣ್ಣು ಚುರುಕು. ಆದರೆ ದಿನಕ್ಕೆ ಎಂಟು ಗಂಟೆ ಸ್ಟೂಲಿನ ಮೇಲೆ ಕೂತು ಸೊಂಟ ಮರಗಟ್ಟಿಹೋಗಿತ್ತು. ಮನೆಯಲ್ಲಿದ್ದವರು ಮೂವರು: ಅವಳು, ಸಿಟಿ ಬಸ್ ಓಡಿಸುವ ಗಂಡ, ಸೊಂಟದ ಮೂಳೆ ಮುರಿದ ಮೇಲೆ ನಡಿಗೆ ಬಿಟ್ಟಿದ್ದ ತಾಯಿ.

ಆ ದಿನ ಬೆಳಗ್ಗೆ ಸ್ನಾನ ಮಾಡಿಸುವಾಗ ತಾಯಿ ಸ್ಟೂಲಿನಿಂದ ಜಾರಿದಳು. ಪೆಟ್ಟೇನೂ ಆಗಲಿಲ್ಲ. ಗಾಜಿನಕ್ಕ ಕಂಕುಳಿಗೆ ಕೈ ಹಾಕಿ ಎಳೆದಳು, ಕಾಲ ಕಡೆಯಿಂದ ಪ್ರಯತ್ನಿಸಿದಳು, ಕೊನೆಗೆ ಅತ್ತಳು. ಗಂಡ ಡ್ಯೂಟಿ ಮುಗಿಸಿ ಬರುವವರೆಗೆ ಇಬ್ಬರೂ ಒಂದೇ ಟವೆಲ್ ಹೊದ್ದು ಒದ್ದೆ ನೆಲದ ಮೇಲೆ ಕೂತಿದ್ದರು. ತಾಯಿ ಮಾತ್ರ ಗೋಡೆ ನೋಡುತ್ತ, "ಹಿಡ್ಕೊಂಡಿರು ಸಾಕು, ಯಾರಾದ್ರೂ ಬರ್ತಾರೆ" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳಂತೆ.

ಬೆನ್ನುನೋವಿಗೆಂದು ತೋರಿಸಿದ ಡಾಕ್ಟರು ಎಕ್ಸ್-ರೇ ನೋಡಿ, "ವಾಕಿಂಗ್ ಒಳ್ಳೇದೇ. ಆದ್ರೆ ಮೂಳೆಗೆ ಅದು ಸಾಲದು. ಮುಟ್ಟು ನಿಂತ ಮೇಲೆ ಹೆಂಗಸರು ಭಾರ ಎತ್ತಬೇಕು. ಸರಿಯಾಗಿ ಕಲಿಸೋರ ಹತ್ರ ಕಲ್ತು ಎತ್ತಿ" ಅಂದರು. ಗಂಡ ನಕ್ಕ. "ಏನೇ, ಈ ವಯಸ್ಸಲ್ಲಿ ಪೈಲ್ವಾನ್ ಆಗ್ತೀಯಾ? ನಾಳೆಯಿಂದ ನಿನ್ನ ಎದುರು ಮಾತಾಡೋಕೂ ಭಯ ಬೀಳ್ಬೇಕು."

"ಈಗ ಬೀಳಲ್ವಾ?" ಅಂದಳು ಗಾಜಿನಕ್ಕ.

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಬೆಳಗ್ಗೆ ಆರರಿಂದ ಏಳೂವರೆವರೆಗೆ ಹೆಂಗಸರ ಜಿಮ್. ನಾನೂ ಅಲ್ಲಿಗೆ ಹೋಗುತ್ತಿದ್ದವಳೇ. ಕಲಿಸುವವರು ಶಾಲೆಯಿಂದ ನಿವೃತ್ತರಾದ ಪಿ.ಟಿ. ಟೀಚರ್, ಅರವತ್ತರ ಹತ್ತಿರದವರು. ಕೊರಳಲ್ಲಿ ಇನ್ನೂ ಸೀಟಿ ನೇತಾಡುತ್ತಿತ್ತು. ಮೊದಲ ವಾರ ಗಾಜಿನಕ್ಕನ ಕೈಗೆ ಅವರು ಕೊಟ್ಟಿದ್ದು ಒಂದು ಪೊರಕೆ ಕೋಲು.

"ಇದನ್ನ ಬೆನ್ನಿಗೆ ಹಿಡ್ಕೊ. ತಲೆ, ಬೆನ್ನು, ಕುಂಡಿ, ಮೂರೂ ತಾಗ್ತಿರಬೇಕು. ಈಗ ಬಗ್ಗು. ಬೆನ್ನಿಂದ ಅಲ್ಲಮ್ಮ, ಸೊಂಟದಿಂದ. ಕೈ ತುಂಬಿದ್ದಾಗ ಕಾರಿನ ಬಾಗಿಲನ್ನ ಕುಂಡಿಯಿಂದ ತಳ್ಳಿ ಮುಚ್ತೀವಲ್ಲ, ಹಾಗೆ."

ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈಯೊತ್ತಿ ದೂಡುವುದು, ನಾಲ್ಕು ಕೆಜಿಯ ಡಂಬೆಲ್ ಎದೆಗವಚಿಕೊಂಡು ಕೂತೇಳುವುದು. ವಾರಕ್ಕೆ ಮೂರೇ ದಿನ, ನಡುವೆ ವಿಶ್ರಾಂತಿ. ಮೊದಲ ಹದಿನೈದು ದಿನ ಮೆಟ್ಟಿಲಿಳಿಯುವಾಗ ಅವಳ ಬಾಯಿಂದ ಬರುತ್ತಿದ್ದ ಸದ್ದಿಗೆ ಕೆಳಗಿನ ಟೈರ್ ಅಂಗಡಿಯವರು ತಲೆಯೆತ್ತಿ ನೋಡುತ್ತಿದ್ದರು. ಆರನೆಯ ವಾರಕ್ಕೆ ಖಾಲಿ ರಾಡು ನೆಲದಿಂದ ಎದ್ದಿತು. ಮೂರನೆಯ ತಿಂಗಳಿಗೆ ಎರಡೂ ಕಡೆ ಪ್ಲೇಟು ಬಂದವು. ಒಂದು ಬೆಳಗ್ಗೆ ತಾಯಿಯನ್ನು ಮಂಚದಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಿ ಬಂದವಳು, ಜಿಮ್ಮಿನಲ್ಲಿ ನಮಗೆಲ್ಲ ಹೇಳಿಕೊಂಡು ಕುಣಿದಳು.

ಅದಾದ ನಾಲ್ಕನೆಯ ದಿನ ತಾಯಿಯನ್ನು ಮಂಚದಿಂದ ಎತ್ತಲಾಗಲಿಲ್ಲ.

ಅದೇ ಮಂಚ, ಅದೇ ಹಿಡಿತ. ಉಸಿರು ತುಂಬಿ ಎತ್ತಿದರೆ ತಾಯಿ ಮಂಚಕ್ಕೆ ಮೊಳೆ ಹೊಡೆದಂತಿದ್ದಳು. ತಾಯಿಯ ಎರಡೂ ತೋಳು ಎದೆಯ ಮೇಲೆ ಮಡಚಿದ್ದವು, ಒಂದರ ಮೇಲೊಂದಲ್ಲ, ನಡುವೆ ಜಾಗ ಬಿಟ್ಟು. ಅಲುಗಾಡಿಸಲು ಹೋದರೆ ಬಿಗಿಹಿಡಿದಳು.

"ಕೈ ಬಿಡಮ್ಮ, ನನ್ನ ಕೊರಳಿಗೆ ಹಾಕು."

"ಹೆಂಗೆ ಬಿಡ್ಲಿ? ಇಬ್ಬರನ್ನೂ ಎತ್ತೋಕಾಗಲ್ಲ ನಿನ್ನ ಕೈಲಿ."

ಮರೆವು ಶುರುವಾಗಿದೆ ಎಂದುಕೊಂಡಳು ಗಾಜಿನಕ್ಕ. ಒದ್ದೆಯಾಯಿತೇನೋ ಎಂದು ಸೀರೆ ಮುಟ್ಟಿ ನೋಡಿದಳು. ಕೆಳಗೆ ಒಣಗಿಯೇ ಇತ್ತು. ಎದೆಯ ಮೇಲೆ, ಮಡಚಿದ ತೋಳುಗಳ ನಡುವೆ, ಕುಪ್ಪಸ ನೆನೆದು ತಣ್ಣಗಾಗಿತ್ತು. ಬೆವರಿನ ವಾಸನೆಯಲ್ಲ. ಬಿಸಿಲು ಕಾಣದ ತೊಟ್ಟಿಯ ವಾಸನೆ.

ಗಂಡ ಬಂದ. "ಅತ್ತೆ, ಏನು ಕಲ್ಲು ನುಂಗಿದ್ದೀರಾ?" ಎನ್ನುತ್ತಲೇ ಕೈ ಹಾಕಿದ. ಹಾಕಿದ ಕೈಯನ್ನು ತಕ್ಷಣ ಹಿಂದಕ್ಕೆಳೆದುಕೊಂಡ. ತುಂಬಿದ ಬಸ್ಸನ್ನು ಇಳಿಜಾರಿನಲ್ಲಿ ಬ್ರೇಕ್ ಫೇಲಾದಾಗ ನಿಲ್ಲಿಸಿದ್ದ ಮನುಷ್ಯ ಅವನು. ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹೊರಗೆ ಹೋದ, ಏನು ಮುಟ್ಟಿದೆ ಎಂದು ಕೇಳಿದರೆ ಹೇಳಲಿಲ್ಲ. ಅಂದಿನಿಂದ ಆ ಕೋಣೆಯ ಹೊಸ್ತಿಲು ದಾಟುವುದನ್ನು ಬಿಟ್ಟ.

ಮರುದಿನ ತಾಯಿ ಮೊದಲಿನಂತೆ ಹಗುರ. ಆಮೇಲೆ ಒಂದು ವಾರ ಬಿಟ್ಟು ಮತ್ತೆ ಭಾರ. ಭಾರದ ದಿನಗಳಲ್ಲಿ ಅವಳು ಮಂಚದ ಅಂಚಿಗೆ ಸರಿದು ಒಳಬದಿಯಲ್ಲಿ ಜಾಗ ಬಿಟ್ಟು ಮಲಗಿರುತ್ತಿದ್ದಳು. ಚಪ್ಪಲಿ ಕಾಲಿಗೆ ಚಿಕ್ಕದಾಯಿತೇ ಎಂದು ಯಾರನ್ನೋ ಮೆಲ್ಲಗೆ ಕೇಳುತ್ತಿದ್ದಳು. ಉತ್ತರಕ್ಕೆ ಕಾಯುತ್ತಿದ್ದಳು. ಆಮೇಲೆ ನಗುತ್ತಿದ್ದಳು.

ಟೀಚರ್ ಹತ್ತಿರ ಹೇಳಿದಾಗ ಅವರು, "ಮೈ ಬಿಗಿಹಿಡಿದ್ರೂ ಭಾರ, ಸಡಿಲ ಬಿಟ್ರೂ ಭಾರ. ಮನುಷ್ಯರಿಗೆ ರಾಡಿನ ಹಾಗೆ ಹಿಡಿ ಇರಲ್ಲ ನೋಡು" ಅಂದರು. ಅದು ಸರಿಯೇ ಅನ್ನಿಸಿತು. ತಾಯಿಯ ತಪಾಸಣೆಗೆ ಆಸ್ಪತ್ರೆಗೆ ಹೋಗುವವರೆಗೆ.

ಅಲ್ಲಿ ಗಾಲಿಕುರ್ಚಿಯ ಸಮೇತ ಹತ್ತಿಸುವ ತೂಕದ ಹಲಗೆ ಇದೆ. ನರ್ಸ್ ಕುರ್ಚಿಯ ತೂಕ ಕಳೆದು, "ನಲವತ್ಮೂರು" ಎಂದು ಬರೆದುಕೊಂಡಳು. ಕಿಟಕಿಯಿಂದ ಹನ್ನೊಂದು ಗಂಟೆಯ ಬಿಸಿಲು ಬೀಳುತ್ತಿತ್ತು, ಹೊರಗೆ ಜನ ಟೋಕನ್ ಹಿಡಿದು ಗಲಾಟೆ ಮಾಡುತ್ತಿದ್ದರು. ತಾಯಿ ಬಾಗಿಲ ಕಡೆ ನೋಡಿದಳು. ಮುಖ ಅರಳಿತು. "ಬಾ, ಬಾ" ಎಂದು ಬಗ್ಗಿ ತೋಳು ಚಾಚಿ ಮಡಚಿಕೊಂಡಳು. ಹಲಗೆ ಕಿರ್ರೆಂದಿತು. ಪರದೆಯ ಮೇಲಿನ ಅಂಕಿ ಹೊರಳಿ ಹೊರಳಿ ಐವತ್ತಾರಕ್ಕೆ ನಿಂತಿತು.

"ಈ ಮಿಷನ್ ಒಂದು!" ಎಂದು ನರ್ಸ್ ಅದರ ಬೆನ್ನಿಗೆ ಎರಡು ಗುದ್ದಿದಳು. ಅಂಕಿ ಅಲುಗಲಿಲ್ಲ. ಗಾಜಿನಕ್ಕ ಮನಸ್ಸಿನಲ್ಲೇ ಕಳೆದಳು. ಹದಿಮೂರು.

ಮನೆಗೆ ಬಂದು ಸೋದರಮಾವನಿಗೆ ಫೋನ್ ಮಾಡಿದಳು. ತಾಯಿಯ ಒಬ್ಬನೇ ತಮ್ಮ, ಬೇರೆ ಊರಿನಲ್ಲಿದ್ದ. ವರ್ಷಕ್ಕೊಮ್ಮೆ ಫೋನಿನಲ್ಲಿ ಮಾತಾಡುವವನು, ಮನೆಗೆ ಮಾತ್ರ ಬರುವವನಲ್ಲ.

"ಮಾವ, ಅಮ್ಮ ಯಾವುದೋ ಮಗುನ ಎತ್ಕೊಂಡಿರೋ ಹಾಗೆ ಮಾಡ್ತಾಳೆ. ಯಾರದು?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. "ನಿನಗಿಂತ ಮುಂಚೆ ಒಬ್ಬ ಇದ್ದ" ಅಂದ. "ಮೂರು ವರ್ಷದವನು."

ಆಗ ಅವರು ಗಿರಣಿಯ ಸಾಲುಮನೆಗಳಲ್ಲಿದ್ದರಂತೆ. ಹಿತ್ತಲಲ್ಲಿ ನೆಲದೊಳಗೆ ಕಟ್ಟಿದ ನೀರಿನ ತೊಟ್ಟಿ. ಮಧ್ಯಾಹ್ನ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದಾಗ ಮಗು ಬಿತ್ತು. ತಾಯಿ ಓಡಿಬಂದು ಬೋರಲು ಮಲಗಲಾಗದೆ, ಒಂದು ಮಗ್ಗುಲಾಗಿ ಬಗ್ಗಿ ಅವನ ತೋಳು ಹಿಡಿದಳು. ಹಿಡಿದಳು, ಅಷ್ಟೇ. ಎತ್ತಲಾಗಲಿಲ್ಲ. ಗೋಡೆಗೆ ಪಾಚಿ. ಅವಳಿಗೆ ಏಳು ತಿಂಗಳು.

"ಹೊಟ್ಟೆಯಲ್ಲಿ ಇದ್ದಿದ್ದು..."

"ನೀನೇ ಕಣಮ್ಮ. ಜನ ಬಂದಾಗ್ಲೂ ಹಿಡ್ಕೊಂಡೇ ಇದ್ದಳು. ಬೆರಳು ಒಂದೊಂದೇ ಬಿಡಿಸಬೇಕಾಯ್ತು. ಆಮೇಲೆ ಅವನ ಹೆಸರನ್ನ ಯಾರೂ ಎತ್ತಲಿಲ್ಲ."

ಮರುದಿನ ಜಿಮ್ಮಿಗೆ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಟೀಚರ್ ಎದುರು ನಿಂತಳು. ಎಲ್ಲವನ್ನೂ ಹೇಳಿದಳು, ನಾನೂ ಅಲ್ಲೇ ನಿಂತಿದ್ದೆ. ಟೀಚರ್ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗೋಡೆಗೆ ತಗುಲಿಸಿದ್ದ, ಅವಳು ಎತ್ತಿದ ತೂಕಗಳ ಪಟ್ಟಿ ನೋಡಿದರು.

"ಈಗ ನಿನ್ನ ರಾಡು ನಲವತ್ತೈದು ಕೆಜಿ. ನಿನಗೆ ಬೇಕಾದ್ದು ಐವತ್ತಾರು, ಅದೂ ಹಿಡಿಯಿಲ್ಲದ್ದು, ಎತ್ತಿಕೊಂಡು ನಡೀಬೇಕು. ಹಾಗಿದ್ರೆ ರಾಡು ಎಪ್ಪತ್ತರ ಮೇಲೆ ಹೋಗಬೇಕು. ನಾಲ್ಕೈದು ತಿಂಗಳು ಹಿಡಿಯುತ್ತೆ. ಅವಸರ ಮಾಡಿದ್ರೆ ಬೆನ್ನು ಕೈಕೊಡುತ್ತೆ. ದಿನಾ ಎರಡು ಮೊಟ್ಟೆ ತಿನ್ನು, ಬೇಗ ಮಲಗು."

"ಟೀಚರ್, ನಿಮಗೆ ಇದೆಲ್ಲ ನಂಬಿಕೆ ಇದೆಯಾ?"

"ಭಾರ ಇದೆ ಅಂತೀಯಲ್ಲ. ಅಷ್ಟು ಸಾಕು ನನಗೆ."

ವಾರಕ್ಕೆ ಒಂದೊಂದು ಚಿಕ್ಕ ಪ್ಲೇಟು. ಎರಡು ಸಲ ರಾಡು ಮೊಣಕಾಲವರೆಗೆ ಬಂದು ನಿಂತುಬಿಟ್ಟಿತು, ಟೀಚರ್ ತೂಕ ಇಳಿಸಿ ಮತ್ತೆ ಕೆಳಗಿನಿಂದ ಏರಿಸಿದರು. ಮರಳು ತುಂಬಿದ ಕ್ಯಾನ್ವಾಸ್ ಚೀಲವೊಂದನ್ನು ಹೊಲಿಸಿ ತಂದು, ಅದನ್ನು ಮಗುವಿನಂತೆ ಎರಡೂ ತೋಳಲ್ಲಿ ಎತ್ತಿ ಕೋಣೆಯ ಉದ್ದಕ್ಕೂ ನಡೆಸಿದರು. ಅಂಗೈ ದಡ್ಡುಗಟ್ಟಿತು. ಅಂಗಡಿಯಲ್ಲಿ ಗಾಜು ಹಿಡಿದಾಗ ಬೆರಳಿಗೆ ಮೊದಲಿನ ಸ್ಪರ್ಶ ಸಿಗದೆ ನಾಲ್ಕು ಗಾಜು ಒಡೆದಳು.

ಮನೆಯಲ್ಲಿ ಭಾರದ ದಿನಗಳು ಹತ್ತಿರ ಹತ್ತಿರ ಬರತೊಡಗಿದವು. ಮಂಚಕ್ಕೆ ಹೆಣೆದ ಪಟ್ಟಿ ಒಳಬದಿಯಲ್ಲಿ ಜೋತುಬಿತ್ತು, ಅಲ್ಲಿ ಯಾರೂ ಮಲಗುತ್ತಿರಲಿಲ್ಲ. ಅಂಥ ದಿನಗಳಲ್ಲಿ ತಾಯಿಗೆ ಮಲಗಿದಲ್ಲೇ ಊಟ, ಮಲಗಿದಲ್ಲೇ ಸ್ನಾನ. ಒಂದು ಸಂಜೆ ಮೈ ಒರೆಸುವಾಗ ಗಾಜಿನಕ್ಕನ ಮಣಿಕಟ್ಟನ್ನು ಏನೋ ಸವರಿದಂತಾಯಿತು. ನೆನೆದ ಕೂದಲು. ಅವಳು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಒರೆಸುತ್ತಲೇ ಇದ್ದಳು, ಅಲ್ಲಿಯೂ, ಖಾಲಿ ಗಾಳಿಯನ್ನು. ಬಟ್ಟೆ ಹಿಂಡಿದರೆ ನೀರು ಸುರಿಯಿತು.

ಅಂದು ಭಾನುವಾರ, ಬೆಳಗ್ಗೆ ಹತ್ತು ಗಂಟೆ. ತಾಯಿಯ ತೋಳುಗಳು ಮಡಚಿದ್ದವು. ಗಾಜಿನಕ್ಕ ಮಂಚದ ಪಕ್ಕ ಪಾದ ಊರಿದಳು. ಸೊಂಟದಿಂದ ಬಗ್ಗಿದಳು. ಒಂದು ಕೈ ಬೆನ್ನಿನಡಿ, ಒಂದು ಮೊಣಕಾಲಿನಡಿ. ಹೊಟ್ಟೆ ತುಂಬ ಉಸಿರೆಳೆದು ಬಿಗಿಹಿಡಿದಳು. ಆಗ ಅವಳ ಕೊರಳಿಗೆ ತಣ್ಣಗೆ ಒಂದು ಹಣೆ ಒರಗಿತು, ತಾಯಿಯದಲ್ಲ. ತಾಯಿಯ ತಲೆ ಇನ್ನೊಂದು ಭುಜದ ಮೇಲಿತ್ತು.

ನೆಲವನ್ನು ಕಾಲಿನಿಂದ ದೂಡಿದಳು. ಎದ್ದಳು.

ತೊಡೆ ನಡುಗಿತು, ಕಿವಿಯಲ್ಲಿ ಗುಂಯ್‌ಗುಟ್ಟಿತು. ಬಾಗಿಲ ಆಚೆ ನಿಂತಿದ್ದ ಗಂಡ, "ಬೀಳ್ತೀಯ ಕಣೇ" ಎಂದ, ಒಳಗೆ ಬರಲಿಲ್ಲ.

"ಬಿಡಬೇಡ" ಅಂದಳು ತಾಯಿ.

"ಬಿಡಲ್ಲ. ಎಲ್ಲಿಗೆ ಹೋಗೋಣಮ್ಮ?"

"ಬಿಸಿಲಿಗೆ."

ಬಾಲ್ಕನಿಗೆ ಹನ್ನೊಂದು ಹೆಜ್ಜೆ. ಗಂಡ ಗೋಡೆಗೆ ಅಂಟಿ ದಾರಿ ಬಿಟ್ಟ. ಅವಳ ರವಿಕೆಯೊಳಗೆ ಎದೆಯ ಮೇಲಿನಿಂದ ನೀರು ಇಳಿಯುತ್ತಿತ್ತು, ನೆಲದ ಮೇಲೆ ಹನಿ ಬೀಳುತ್ತಿತ್ತು. ಒಂಬತ್ತನೆಯ ಹೆಜ್ಜೆಗೆ ಮೊಣಕಾಲು ಸೋತಿತು. ಅಲ್ಲೇ ನಿಂತು ಉಸಿರು ತೆಗೆದುಕೊಂಡಳು. ಮತ್ತೆರಡು ಹೆಜ್ಜೆ. ಕುರ್ಚಿಯಲ್ಲಿ ಕೂತಳು, ತಾಯಿಯನ್ನು ತೊಡೆಯ ಮೇಲಿಟ್ಟುಕೊಂಡೇ.

ಬಿಸಿಲು ಚುರುಗುಟ್ಟುತ್ತಿತ್ತು. ಕೆಳಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು. ತಾಯಿ ಬಿಸಿಲಿಗೆ ಮುಖವೊಡ್ಡಿ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ತಾನೇ ಬಿಡಿಸಿದಳು, ಯಾರೂ ಮುಟ್ಟಲಿಲ್ಲ.

"ಮೇಲಕ್ಕೆ ಬಂದ್ಯಲ್ಲ, ಇನ್ನು ಇಳಿ ಮಗಾ" ಅಂದಳು.

ಭಾರ ಇಳಿದದ್ದು ಹೇಗೆಂದು ಗಾಜಿನಕ್ಕ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಮಾಯವಾಗಲಿಲ್ಲವಂತೆ. ಮಡಿಲಿನಿಂದ ಮಗು ಇಳಿಯುವಂತೆಯೇ, ಮೊದಲು ಒಂದು ಕಾಲು ಕೆಳಗೆ ಚಾಚಿ, ಅವಳ ತೊಡೆಯ ಮೇಲೆ ಕೈ ಊರಿ, ಆಮೇಲೆ ಇನ್ನೊಂದು ಕಾಲು. ಊರಿದ ಅಂಗೈಯ ಗುರುತು ಸೀರೆಯ ಮೇಲೆ ಒದ್ದೆಯಾಗಿ ಮೂಡಿತ್ತು. ಒಣಗುವವರೆಗೆ ಅವಳು ಅದನ್ನು ನೋಡುತ್ತ ಕೂತಿದ್ದಳು.

"ಚಹಾ ಮಾಡ್ತೀಯಾ?" ಎಂದು ಕೇಳಿದಳು ತಾಯಿ.

ಒಂದು ತಿಂಗಳ ಮೇಲೆ ಸೋದರಮಾವ ಬಂದ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಚೀಲವನ್ನೂ ಕೆಳಗಿಡದೆ ಅಕ್ಕನ ಮುಂದೆ ಕೂತ. ಗಾಜಿನಕ್ಕ ಬಾಗಿಲಲ್ಲಿದ್ದಳು.

"ಅಕ್ಕಾ, ಆವತ್ತು ತೊಟ್ಟಿಯಿಂದ ನೀರು ಸೇದಿದ್ದು ನಾನು. ಮುಚ್ಚಳ ಹಾಕಲಿಲ್ಲ."

ತಾಯಿ ಅವನ ಅಂಗಿಯ ಗುಂಡಿ ಸರಿಮಾಡುತ್ತಿದ್ದಳು. "ಗೊತ್ತು."

"ನನ್ನ ಹತ್ರಾನೂ ಬರ್ತಿದ್ದ. ಮನೆ ಬದಲಾಯಿಸಿದ್ರೂ ಬರ್ತಿದ್ದ. ನಾನು ಬಾಗಿಲು ತೆಗೀತಿರಲಿಲ್ಲ."

"ಅದೂ ಗೊತ್ತು ಕಣೋ. ಬಂದು ಹೇಳ್ತಿದ್ದ."

ಅವನು ನಾಲ್ಕು ದಿನ ಇದ್ದ. ಅಕ್ಕನಿಗೆ ಊಟ ತಿನ್ನಿಸಿದ, ಮಂಚಕ್ಕೆ ಹೊಸ ಪಟ್ಟಿ ಹೆಣೆಸಿದ. ತಾಯಿ ಮತ್ತೂ ಹದಿನಾಲ್ಕು ತಿಂಗಳು ಬದುಕಿದ್ದು ಒಂದು ಮಧ್ಯಾಹ್ನ ನಿದ್ದೆಯಲ್ಲೇ ಹೋದಳು. ಗಂಡ ಈಗ ಆ ಕೋಣೆಗೆ ಹೋಗುತ್ತಾನೆ, ಬಟ್ಟೆ ಇಸ್ತ್ರಿ ಮಾಡುವುದೂ ಅಲ್ಲೇ. ಅವತ್ತು ಏನು ಮುಟ್ಟಿದೆ ಎಂದು ಮಾತ್ರ ಇನ್ನೂ ಹೇಳಿಲ್ಲ. ಟೀಚರಿಗೆ ಮಂಡಿನೋವು ಬಂದ ಮೇಲೆ ಬೆಳಗಿನ ಬ್ಯಾಚು ನೋಡಿಕೊಳ್ಳುವವಳು ಗಾಜಿನಕ್ಕ. ಹೊಸಬರು ಬಂದು, ನನ್ನ ಕೈಲಿ ಏನು ಎತ್ತೋಕಾಗುತ್ತಕ್ಕ ಎಂದರೆ, ಅವಳು ಅವರನ್ನು ಒಂದು ಕ್ಷಣ ನೋಡಿ, ಮನೇಲಿ ಯಾರಿದ್ದಾರೆ ಎಂದು ಕೇಳುತ್ತಾಳೆ.